ಸೌಮು ಎತ್ತಿದ ಒಂಬತ್ತೂವರೆಯ ಹಾಯಿ

ಈಶಾನ್ಯದ ಕಸ್ಕಾಜಿ ಗಾಳಿ ಸುಸ್ತಾಗಿ, ತೆಂಕಣದ ಕುಸಿ ಗಾಳಿ ಇನ್ನೂ ಬಾರದ ನಡುವಿನ ವಾರಗಳಲ್ಲಿ ಕೀನ್ಯಾ ಕರಾವಳಿಯ ನಮ್ಮ ಕಿಲಿಫಿಯ ಹಿನ್ನೀರು ಎಣ್ಣೆ ಸುರಿದ ಹಾಗೆ ಮಲಗಿರುತ್ತದೆ. ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಓಡಿಸುವ ವಿಂಡ್‌ಸರ್ಫಿಂಗ್ ಪಂದ್ಯ ನಡೆಯುವುದೂ ಅದೇ ವಾರಗಳಲ್ಲೇ. ಈಸ್ಟರ್ ರಜೆಗೆ ಜನ ಬರುತ್ತಾರಲ್ಲ, ಅವರಿಗೋಸ್ಕರ. ಬೆಳಿಗ್ಗೆ ಉಸಿರೂ ಆಡದ ಗಾಳಿ ಮಧ್ಯಾಹ್ನ ಏನು ಮಾಡೀತೆಂದು ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಯಾವ ಹಾಯಿ ಕಟ್ಟಬೇಕೆಂಬ ಮಾತಿಗೇ ಅರ್ಧ ಊರು ಜಗಳವಾಡುತ್ತದೆ.

ಸೌಮು ತನ್ನ ಅಣ್ಣ ಸ್ವಾಲೆಯ ಶೆಡ್ಡಿನಲ್ಲಿ ಹೊಸಬರಿಗೆ ಹಲಗೆಯ ಮೇಲೆ ನಿಲ್ಲಲು ಕಲಿಸುತ್ತಿದ್ದಳು. ಎರಡು ಹೆರಿಗೆಯಾದ ಮೇಲೆ ಮೈ ತುಂಬಿಕೊಂಡಿತ್ತು. ದಡದ ಗಂಡಸರು ಅವಳನ್ನು ಜಹಾಜು ಅಂತ ಕರೆಯುತ್ತಿದ್ದರು. ಅವಳು ಅದಕ್ಕೂ ಓಗೊಡುತ್ತಿದ್ದಳು, ಆದರೆ ಕರೆದವನ ಮುಖವನ್ನು ಅವನು ಕಣ್ಣು ತಗ್ಗಿಸುವ ತನಕ ನೋಡುತ್ತಿದ್ದಳು.

ಆ ವರ್ಷ ಅವಳು ದೊಡ್ಡ ಪಂದ್ಯಕ್ಕೆ ಇಳಿಯುತ್ತೇನೆ ಅಂದಳು. ಹೆಂಗಸರ ಪಂದ್ಯ ಬೇರೆ ಇತ್ತು. ಹಿನ್ನೀರಿನ ಸೇತುವೆಯ ಒಳಗಡೆ, ಸಣ್ಣ ಹಾಯಿ, ಚಿಕ್ಕ ಸುತ್ತು. ದೊಡ್ಡದು ಅಳಿವೆಯ ಬಾಯಿಯ ತನಕ ಹೋಗಿ ತಿರುಗಿ ಬರುವುದು, ಯಾವ ಅಳತೆಯ ಹಾಯಿಯಾದರೂ ಸರಿ. ಅದರಲ್ಲಿ ಹೆಂಗಸರು ಇಳಿಯಬಾರದು ಅಂತ ಯಾರೂ ಹೇಳಿರಲಿಲ್ಲ. ಯಾರೂ ಇಳಿದಿರಲೂ ಇಲ್ಲ.

ಮೊದಲು ಅವಳು ಎಲ್ಲ ಗಂಡಸರ ಹಾಗೆ ಏಳೂವರೆ ಚದರ ಮೀಟರಿನ ಹಾಯಿ ತೆಗೆದುಕೊಂಡು ಹೋಗಿ ನೋಡಿದಳು. ಹಲಗೆ ನೀರನ್ನು ತಳ್ಳಿಕೊಂಡು ತೆವಳಿತು. ಸಣಕಲು ಹುಡುಗರು ಅದೇ ಗಾಳಿಗೆ ನೀರಿನ ಮೇಲೆ ಜಾರಿ ಅವಳನ್ನು ದಾಟಿದರು. ದಡಕ್ಕೆ ಬಂದವಳೇ ಶೆಡ್ಡಿನ ತೊಲೆಗೆ ಕಟ್ಟಿದ್ದ ಒಂಬತ್ತೂವರೆಯ ಹಾಯಿಯನ್ನು ಇಳಿಸಿದಳು. ತನ್ನ ದೇಶಕ್ಕೆ ಮರಳಿದ ಡಚ್ಚನೊಬ್ಬ ಬಿಟ್ಟುಹೋಗಿದ್ದ ಹಾಯಿ ಅದು. ಅದನ್ನು ಕಟ್ಟಿ ನಿಲ್ಲಿಸಲು ಬೇರೆಯದೇ ಉದ್ದನೆಯ ಕೂವೆಮರ ಬೇಕು, ಅಗಲದ ಹಲಗೆ ಬೇಕು, ಹಲಗೆಯಡಿಗೆ ಉದ್ದದ ರೆಕ್ಕೆ ಬೇಕು. ಎಲ್ಲ ಹುಡುಕಿ ಜೋಡಿಸಿದಳು.

ಸ್ವಾಲೆ ಸಿಟ್ಟಾದ. ಅದು ಗಂಡಸಿನ ಭುಜವನ್ನೇ ಕಿತ್ತುಹಾಕುತ್ತದೆ, ಬಿದ್ದರೆ ನೀರು ತುಂಬಿದ ಹಾಯಿಯನ್ನು ಎತ್ತಲಾರೆ, ಇಳಿತದ ಸೆಳೆತ ನಿನ್ನನ್ನು ಅಳಿವೆಯಾಚೆ ಒಯ್ಯುತ್ತದೆ ಅಂತೆಲ್ಲ ಹೇಳಿದ. ಸಣ್ಣದನ್ನೇ ಹಿಡಿ, ನಿನ್ನ ಕೈಯಲ್ಲಿ ಆಗೋದು ಅದೇ ಅಂದ.

"ಸಣ್ಣ ಹಾಯಿ ಸಣ್ಣ ಮೈಗೆ ಅಣ್ಣಾ. ಇಷ್ಟು ವರ್ಷ ಎಲ್ರೂ ನನ್ನ ತೂಕ ಹೇಳಿ ಹೇಳಿ ನಕ್ಕಿದ್ದೀರಿ. ಈಗ ಅದಕ್ಕೆ ತಕ್ಕ ಹಾಯಿ ಹಿಡಿದ್ರೆ ಯಾಕೆ ಬೇಡ ಅಂತೀರಿ?"

ಮೊದಲ ದಿನ ಅವಳು ನಡುನೀರಿನಲ್ಲಿ ಬಿದ್ದಳು, ಎಳೆದಳು, ಮತ್ತೆ ಬಿದ್ದಳು. ಕಡೆಗೆ ಮೀನಿನ ದೋಣಿಯವರು ನಗುತ್ತ ಎಳೆದು ತಂದು ಬಿಟ್ಟರು. ಮಾರನೆಯ ದಿನ ಮತ್ತೆ ಹೋದಳು. ತೋಳಿನಿಂದ ಎಳೆಯುವುದನ್ನು ನಿಲ್ಲಿಸಿದಳು. ಹಗ್ಗ ಹಿಡಿದು ಸುಮ್ಮನೆ ಹಿಂದಕ್ಕೆ ವಾಲಿದರೆ ಹಾಯಿಯ ಅಂಚು ಸ್ವಲ್ಪ ಏಳುತ್ತದೆ, ನೀರು ತಾನಾಗಿ ಜಾರುತ್ತದೆ, ಆಮೇಲೆ ಹಾಯಿ ಹಗುರ. ಅವಸರ ಪಟ್ಟರೆ ಕೆಟ್ಟಿತು. ವಾರ ಕಳೆಯುವುದರೊಳಗೆ ದೋಣಿಯವರು ನಗುವುದನ್ನು ಬಿಟ್ಟಿದ್ದರು.

ಪಂದ್ಯದ ದಿನ ರಕ್ಷಣಾ ದೋಣಿ ನನ್ನ ಕೈಯಲ್ಲಿತ್ತು. ಹೆಂಗಸರ ಪಂದ್ಯ ಮುಗಿದು ಹಲುವಾ ಎಂಬ ಹುಡುಗಿ ಗೆದ್ದಿದ್ದಳು. ದೊಡ್ಡ ಪಂದ್ಯಕ್ಕೆ ಸ್ವಾಲೆಯೂ ಸೇರಿ ಗಂಡಸರು ಸಾಲಾದಾಗ ಅವರ ನಡುವೆ ಆ ಎತ್ತರದ ಕೆಂಪು ಹಾಯಿ ಕಂಡಿತು. ಪಂದ್ಯ ನಡೆಸುವ ಅಥ್ಮಾನ್, ನಾವೆಲ್ಲ ಗೌರವದಿಂದ ಬ್ವಾನಾ ಅನ್ನುವವರು, ಮೈಕಿನಲ್ಲಿ ಅವಳ ಹೆಸರು ಕೂಗಿ ದಡಕ್ಕೆ ಬಾ ಅಂದರು. ಅವಳು ತಲೆ ತಿರುಗಿಸಲಿಲ್ಲ. ಇನ್ನೊಮ್ಮೆ ಕೂಗಿದರು. ಕೊನೆಗೆ ಬೇಸತ್ತು ಬಾವುಟ ಇಳಿಸಿ ಪಂದ್ಯ ಶುರು ಮಾಡಿದರು.

ಗಾಳಿ ಬೆವರು ಆರಿಸುವಷ್ಟೂ ಇರಲಿಲ್ಲ. ಗಂಡಸರ ಹಾಯಿಗಳು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದವು. ಸೌಮು ಮೈಯೆಲ್ಲ ಹಾಕಿ ಹಾಯಿಯನ್ನು ತನ್ನತ್ತ ಬೀಸಿ ಬೀಸಿ ಸೆಳೆದಳು. ಹಲಗೆ ಮೂತಿ ಎತ್ತಿತು, ತೆವಳುವುದನ್ನು ಬಿಟ್ಟು ಜಾರತೊಡಗಿತು. ಒಬ್ಬೊಬ್ಬರನ್ನೇ ದಾಟಿದಳು. ಸ್ವಾಲೆಯನ್ನು ದಾಟುವಾಗ ಅವನ ಕಡೆ ನೋಡಲೇ ಇಲ್ಲ. ದಡದಲ್ಲಿ ಯಾರೋ "ಜಹಾಜು ಹೊರಟಿತು" ಅಂದರು. ಈ ಸಲ ಆ ಮಾತಿನಲ್ಲಿ ನಗೆ ಇರಲಿಲ್ಲ.

ಅಳಿವೆಯ ಬಾಯಲ್ಲಿ ಕಡಲ ಗಾಳಿ ಒಮ್ಮೆಗೇ ಹೊಡೆಯಿತು. ಅಷ್ಟು ದೊಡ್ಡ ಹಾಯಿ ಅವಳನ್ನು ಎತ್ತಿ ಮುಂದಕ್ಕೆ ಎಸೆಯಿತು. ನಾನು ದೋಣಿ ತಿರುಗಿಸಿ ಹತ್ತಿರ ಹೋದೆ. ತುಟಿ ಒಡೆದು ರಕ್ತ ಬರುತ್ತಿತ್ತು. ಹಿಂದೆ ಬಿದ್ದವರು ಒಬ್ಬೊಬ್ಬರಾಗಿ ತಿರುವಿನ ಗುರುತಿಗೆ ತೇಲಿಬಿಟ್ಟ ಬುರುಡೆ ಸುತ್ತಿ ಹೋಗುತ್ತಿದ್ದರು. ಸ್ವಾಲೆ ನಿಧಾನಿಸಿ, ದೋಣಿ ಹತ್ತು ಸೌಮು, ಸಾಕು ಅಂತ ಕೂಗಿದ.

ಅವಳು ನನ್ನ ಕಡೆ ಕೈ ಎತ್ತಿದಳು. "ಮುಟ್ಟಬೇಡ. ನೀ ಮುಟ್ಟಿದ್ರೆ ನಾನು ಪಂದ್ಯದಿಂದ ಹೊರಗೆ."

ಸೆಳೆತ ಹೊರಗೆ ಒಯ್ಯುತ್ತಿತ್ತು. ಅವಳು ಹಲಗೆ ಹತ್ತಿ, ಹಗ್ಗ ಹಿಡಿದು, ಹಿಂದಕ್ಕೆ ವಾಲಿ ಕಾದಳು. ನನಗೇ ಕೈ ಚಾಚಿ ಎಳೆದುಬಿಡೋಣ ಅನಿಸುವಷ್ಟು ನಿಧಾನವಾಗಿ ನೀರು ಜಾರಿತು. ಹಾಯಿ ಎದ್ದಿತು. ಅವಳು ಬುರುಡೆ ಸುತ್ತಿ ಹೊರಟಳು. ಒಳನೀರಿಗೆ ಬರುತ್ತಲೇ ಗಾಳಿ ಮತ್ತೆ ಸತ್ತಿತು, ಅವಳು ಮತ್ತೆ ದಾಟತೊಡಗಿದಳು. ಸ್ವಾಲೆಯ ಹಿಂದೆ, ನಾಲ್ಕನೆಯವಳಾಗಿ ಮುಗಿಸಿದಳು.

ಅವಳನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಅಂತ ದಡದಲ್ಲಿ ಗಲಾಟೆ ಎದ್ದಿತ್ತು. ಅಥ್ಮಾನ್ ಒಳ್ಳೆಯ ಮನುಷ್ಯರೇ, ಜಗಳ ಬೇಡ ಅವರಿಗೆ. ಹೆಂಗಸರ ಪಂದ್ಯದ ಬಹುಮಾನದ ಬಟ್ಟಲು ತಂದು, ಇದನ್ನು ತಗೋ ಮಗಳೇ, ಹಲುವಾಳಿಗೆ ಬೇರೆ ಕೊಡುತ್ತೇವೆ ಅಂದರು.

"ಅದು ಹಲುವಾ ಗೆದ್ದಿದ್ದು ಬ್ವಾನಾ. ನಾನು ಆ ಪಂದ್ಯದಲ್ಲಿ ಇರ್ಲೇ ಇಲ್ಲ. ನಾಲ್ಕನೇದು ಅಂತ ಮೈಕಲ್ಲಿ ಕೂಗಿ. ಇಲ್ಲ, ಇವಳನ್ನ ಹೊರಗೆ ಹಾಕಿದ್ವಿ ಅಂತ ಕೂಗಿ. ಎರಡ್ರಲ್ಲಿ ಒಂದು."

ಅವರು ಮೈಕ್ ಹಿಡಿದು ಫಲಿತಾಂಶದ ಚೀಟಿ ಬಿಡಿಸಿದರು. ಮೂರು ಹೆಸರು ಓದಿ, ನಾಲ್ಕನೆಯದನ್ನು ಓದದೆ, ಐದನೆಯವನ ಹೆಸರನ್ನು ಐದನೆಯದಾಗಿಯೇ ಓದಿದರು. ಜನ ನಕ್ಕರು. ಸೌಮು ನಗಲಿಲ್ಲ. ಮುಂದಿನ ವರ್ಷವೂ ಬರುತ್ತೇನೆ, ಓದುವವರೆಗೂ ಬರುತ್ತೇನೆ ಅಂತ ಅವರೆದುರೇ ಹೇಳಿ ಹಾಯಿ ಬಿಚ್ಚತೊಡಗಿದಳು.

ಸ್ವಾಲೆ ಎರಡು ದಿನ ಅವಳ ಜೊತೆ ಮಾತು ಬಿಟ್ಟಿದ್ದ. ಮೂರನೆಯ ದಿನ ಎಲೆ ಅಲುಗದ ಬೆಳಿಗ್ಗೆ ಬಂದು, ಅದೂ ಇದೂ ಮಾತಾಡಿ, ಆ ದೊಡ್ಡ ಹಾಯಿ ಇವತ್ತೊಂದಿನ ಕೊಡು ಅಂದ.

"ಮೊದ್ಲು ಚೆನ್ನಾಗಿ ಉಂಡು ನನ್ನಷ್ಟಾಗು ಅಣ್ಣಾ, ಆಮೇಲೆ ಕೇಳು" ಅಂದಳು ಸೌಮು. ಕೂವೆಮರವನ್ನು ಹೆಗಲಿಗೇರಿಸಿಕೊಂಡು ನೀರಿನ ಕಡೆ ನಡೆದಳು.