ದೊರೆಗೆ ಬೀದಿ ತೋರಿಸುವ ದಿನ

ಹೊದಿಕೆಯ ಒಂದು ತುದಿಯನ್ನು ಬಚ್ಚಲಮನೆಯ ನಲ್ಲಿಗೆ ಸುತ್ತಿ, ಇನ್ನೊಂದು ತುದಿಯನ್ನು ಹಿಂಡುತ್ತಿದ್ದೆ. ಬೆಳಗಿನ ಹೊತ್ತು ನಮ್ಮ ಮನೆಯಲ್ಲಿ ಇನ್ನೊಂದು ಜೊತೆ ಕೈ ಸಿಗುವುದಿಲ್ಲ, ಹಾಗಾಗಿ ನಲ್ಲಿಯೇ ನನ್ನ ಜೊತೆಗಾರ. ನೀರು ಇನ್ನೂ ಪೂರ್ತಿ ಇಳಿದಿರಲಿಲ್ಲ, ಅಷ್ಟರಲ್ಲಿ ನಡುಮನೆಯಿಂದ ಅತ್ತೆಯ ಕೂಗು ಬಂತು.

"ಬಾಗಿಲೂ!"

ಈ ಮನೆಗೆ ಬಂದಾಗಿನಿಂದ ನಮ್ಮಲ್ಲಿ ಅತಿ ಹೆಚ್ಚು ಕೇಳಿಬರುವ ಮಾತು ಇದೇ. ಹೊರಗಿನ ಬಾಗಿಲು ತೆಗೆಯುವವರು ಮೊದಲು ಹೀಗೆ ಕೂಗಬೇಕು. ಕೂಗಿದೊಡನೆ ಉಳಿದವರು ದೊರೆ ಎಲ್ಲಿದ್ದಾನೆಂದು ನೋಡಬೇಕು. ನನ್ನ ಗಂಡ ಒಂದು ದಿನ ಕಾರ್ಖಾನೆಯ ಗೇಟಿನಲ್ಲೂ ಅಭ್ಯಾಸಬಲದಿಂದ ಹೀಗೆ ಕೂಗಿಬಿಟ್ಟಾಗ, ಅಲ್ಲಿನ ಕಾವಲುಗಾರ ಅವರನ್ನು ಮೇಲಿಂದ ಕೆಳಗೆ ನೋಡಿದನಂತೆ.

ದೊರೆ ನಮ್ಮ ಬೆಕ್ಕು. ನಮ್ಮದು ಎಂದು ನಾವು ಹೇಳುತ್ತೇವೆ, ಅವನ ಅಭಿಪ್ರಾಯ ಬೇರೆ ಇರಬಹುದು. ಹಿಂದಿನ ಮನೆಯಲ್ಲಿ ಅವನು ಕಾಂಪೌಂಡ್ ಗೋಡೆಯ ಮೇಲೆ ಬದುಕಿದ್ದವನು. ಹೊತ್ತುಹೊತ್ತಿಗೆ ಬಂದು ತಿನ್ನುತ್ತಿದ್ದ, ತಡವಾದರೆ ಬೈಯುತ್ತಿದ್ದ, ಮತ್ತೆ ಗೋಡೆ ಏರಿ ಹೋಗುತ್ತಿದ್ದ. ಮನೆ ಬದಲಾಯಿಸುವಾಗ ಮಗಳು ಗುಬ್ಬಿ, "ದೊರೆ ಬರ್ದಿದ್ರೆ ನಾನೂ ಬರಲ್ಲ" ಎಂದು ಹಟ ಹಿಡಿದಳು. ಅವಳು ಅಪರೂಪಕ್ಕೆ ಹಟ ಹಿಡಿಯುವವಳು. ಹಾಗಾಗಿ ಅವನನ್ನೂ ಬುಟ್ಟಿಯಲ್ಲಿ ಕೂರಿಸಿಕೊಂಡು ಬಂದೆವು. ದಾರಿಯುದ್ದಕ್ಕೂ ನಮ್ಮ ವಂಶವನ್ನೆಲ್ಲ ಬೈದುಕೊಂಡೇ ಬಂದ.

ಪ್ರಾಣಿಗಳ ಡಾಕ್ಟರಮ್ಮ ಹೇಳಿದ್ದರು: "ಕೆಲವು ವಾರ ಹೊರಗೆ ಬಿಡಲೇಬೇಡಿ. ಈ ಮನೆ ತನ್ನದು ಅಂತ ಅವನಿಗೆ ಅನ್ನಿಸ್ಬೇಕು. ಆಮೇಲೆ ಒಂದಿನ ಬೆಳಿಗ್ಗೆ ತಿಂಡಿ ಕೊಡದೆ ಬಿಡಿ. ಸ್ವಲ್ಪ ಹೊತ್ತಿಗೆ ಡಬ್ಬಿ ಕುಲುಕಿ ಕರೀರಿ. ಹಸಿದ ಹೊಟ್ಟೆ ದಾರಿ ಮರೆಯಲ್ಲ. ಅವನ ಹಳೇ ಗೋಣಿತಟ್ಟು ತಂದಿದೀರಿ ತಾನೆ?"

"ತಂದಿದೀವಿ. ಚೆನ್ನಾಗಿ ಒಗೆದು, ಬಿಸಿಲಿಗೆ ಹಾಕಿ ತಂದಿದೀವಿ."

ಡಾಕ್ಟರಮ್ಮ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಅವನ ವಾಸನೆ ಇರಲಿ ಅಂತಲೇ ಕೇಳಿದ್ದು. ಏನೇನು ಒಗೆದ್ರಿ?"

ಎಲ್ಲವನ್ನೂ ಒಗೆದಿದ್ದೆ. ಅದು ನನ್ನ ಪದ್ಧತಿ. ನನ್ನ ಗಂಡನದು ಹೊಸ ಕಾರ್ಖಾನೆಗಳಲ್ಲಿ ಯಂತ್ರ ಕೂರಿಸುವ ಕೆಲಸ. ಯಂತ್ರ ಸರಿಯಾಗಿ ತಿರುಗತೊಡಗಿತು ಎಂದರೆ ಅಲ್ಲಿ ಅವರ ಕೆಲಸ ಮುಗಿಯಿತು, ನಾವು ಗಂಟುಮೂಟೆ ಕಟ್ಟಬೇಕು. "ಬೆಕ್ಕು ಮರಿ ಕಚ್ಕೊಂಡು ಏಳು ಮನೆ ತಿರುಗುತ್ತಂತೆ. ನನ್ನ ಮಗ ಆ ಬೆಕ್ಕಿಗೇ ಪಾಠ ಹೇಳ್ಕೊಟ್ಟಾನು" ಎನ್ನುತ್ತಾರೆ ಅತ್ತೆ. ಅದಕ್ಕೇ ಈ ವಿದ್ಯೆಯಲ್ಲಿ ನನ್ನ ಕೈ ಪಳಗಿದೆ. ಹೊರಡುವ ಮುಂಚೆ ಎಲ್ಲ ಒಗೆದು ಮಡಿಸಬೇಕು. ಹೊಸ ಮನೆಗೆ ಕಾಲಿಟ್ಟ ದಿನ ಸಂಜೆಯೊಳಗೆ ಒಲೆ ಹೊತ್ತಿರಬೇಕು, ಕಿಟಕಿಗೆ ಪರದೆ ಬಿದ್ದಿರಬೇಕು, ಖಾಲಿಯಾದ ರಟ್ಟಿನ ಡಬ್ಬಗಳನ್ನು ಚಪ್ಪಟೆ ಮಾಡಿ, ದಾರ ಕಟ್ಟಿ, ಅಟ್ಟಕ್ಕೆ ಏರಿಸಿರಬೇಕು. ಡಬ್ಬ ಎಸೆಯುವ ಮಾತೇ ಇಲ್ಲ. ಗಟ್ಟಿ ಡಬ್ಬ ಬೇಕೆಂದಾಗ ಸಿಗುವುದಿಲ್ಲ. 'ಪಾತ್ರೆ', 'ಬಟ್ಟೆ', 'ಗಾಜು, ಜೋಪಾನ' ಎಂದು ನಾನು ಎಂದೋ ಬರೆದ ಅಕ್ಷರಗಳನ್ನು ಹೊತ್ತುಕೊಂಡು ಅವು ನಮ್ಮ ಜೊತೆ ಊರೂರು ಸುತ್ತಿವೆ. ಒಂದರ ಮೇಲೆ ಗುಬ್ಬಿ ಅಕ್ಷರ ಕಲಿತ ಹೊಸತರಲ್ಲಿ ತನ್ನ ಹೆಸರನ್ನು ಉದ್ದಕ್ಕೂ ಬರೆದಿದ್ದಾಳೆ.

ಬೆಕ್ಕನ್ನು ಒಳಗಿಟ್ಟುಕೊಂಡ ಆ ವಾರಗಳ ಕಥೆ ಏನು ಹೇಳಲಿ! ಬೆಳಕು ಹರಿಯುವ ಮೊದಲೇ ಮುಂಬಾಗಿಲ ಬಳಿ ಕೂತು ಅವನು ಗೋಳಾಡುವುದನ್ನು ಕೇಳಿದರೆ, ನಾವು ಅವನ ಆಸ್ತಿ ಬರೆಸಿಕೊಂಡಿದ್ದೇವೆಂದು ಯಾರಾದರೂ ನಂಬಬೇಕು. ಪರದೆಯನ್ನು ಎಳೆ ಎಳೆಯಾಗಿ ಬಿಡಿಸಿದ. ಅವನಿಗೆಂದೇ ಮರಳು ತುಂಬಿಟ್ಟ ತಟ್ಟೆಯನ್ನು ಬಹಳ ಶ್ರದ್ಧೆಯಿಂದ ಕೆರೆದು, ಅರ್ಧ ಮರಳನ್ನು ನೆಲಕ್ಕೆ ಚೆಲ್ಲಿ, ಆಮೇಲೆ ಕಾಲೊರಸಿನ ಮೇಲೆ ಹೋಗಿ ಕೂರುತ್ತಿದ್ದ. ನಾನು ಕಾಲೊರಸು ಒಗೆಯುತ್ತಿದ್ದೆ. ಅವನು ಮತ್ತೆ ಕೂರುತ್ತಿದ್ದ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಈ ಮನೆಯ ಇಲಿ ನಾನೇ.

ಡಾಕ್ಟರಮ್ಮ ಹೇಳಿದ ಗಡುವು ಮುಗಿದಿತ್ತು. ಬಿಡೋಣವೆಂದು ಹೊರಟಾಗಲೆಲ್ಲ ಗುಬ್ಬಿ ಅಡ್ಡ ಬಂದಳು. ಒಂದು ದಿನ, "ಮೋಡ ಇದೆ." ಇನ್ನೊಂದು ದಿನ, "ಅವನ ಮೂಗು ಬಿಸಿ ಇದೆ, ಮುಟ್ಟಿ ನೋಡು." ನನಗೂ ತಾಳ್ಮೆಗೆ ಒಂದು ಮಿತಿ ಇದೆ. ನಾಳೆ ಶಾಲೆಗೆ ರಜೆ, ನಾಳೆ ಬೆಳಿಗ್ಗೆ ದೊರೆಗೆ ಬೀದಿ ತೋರಿಸುವುದೇ ಎಂದು ಹಿಂದಿನ ದಿನ ಊಟದ ಹೊತ್ತಿಗೆ ಖಡಾಖಂಡಿತವಾಗಿ ಹೇಳಿದ್ದೆ. ಗುಬ್ಬಿ ತಲೆ ಎತ್ತದೆ ಉಂಡು ಎದ್ದಳು.

ಬೆಳಿಗ್ಗೆ ಎದ್ದಾಗಿನಿಂದ ನನ್ನ ಹಿಂದೆ ಹಿಂದೆಯೇ ಸುತ್ತುತ್ತಿದ್ದಳು.

"ಅಮ್ಮ, ಒಂದು ಕೇಳ್ಲಾ?"

"ಅಪ್ಪನ ಡಬ್ಬಿ ಕಟ್ಬೇಕು, ಆಮೇಲೆ."

ಡಬ್ಬಿ ಕಟ್ಟಾಯಿತು, ಅವರಪ್ಪ ಹೊರಟಾಯಿತು. ಸ್ವಲ್ಪ ಹೊತ್ತು ಎಲ್ಲಿಗೋ ಮಾಯವಾಗಿದ್ದವಳು ಮತ್ತೆ ಬಚ್ಚಲ ಬಾಗಿಲಿಗೆ ಬಂದು ನಿಂತಳು. "ಅಮ್ಮ, ಒಂದು ಹೇಳ್ಬೇಕು."

"ಈ ಹೊದಿಕೆ ಹಿಂಡಿ ಬರ್ತೀನಿ ಚಿನ್ನ, ಆಮೇಲೆ."

ಅಷ್ಟರಲ್ಲೇ ಅತ್ತೆಯ ಕೂಗು. ಹೊದಿಕೆಯನ್ನು ನಲ್ಲಿಗೇ ನೇತುಬಿಟ್ಟು ಓಡಿದೆ. ಮುಂಬಾಗಿಲು ಹಾರುಹೊಡೆದಿತ್ತು. ಅತ್ತೆ ಪೇಪರು ಹಿಡಿದು ಹೊಸ್ತಿಲ ಮೇಲೆ ನಿಂತಿದ್ದರು.

"ನಾನಲ್ಲಮ್ಮ, ನಾನು ಬರೋ ಹೊತ್ತಿಗೇ ಹೀಗಿತ್ತು. ನಿನ್ನ ಗಂಡ ಹಾಕ್ದೆ ಹೋಗಿರ್ಬೇಕು."

"ನಿಮ್ಮ ಮಗನಿಗೆ ನೂರು ಸಲ ಹೇಳಿದೀನಿ."

ಅವರು ತಪ್ಪು ಮಾಡಿದ ದಿನ ಅತ್ತೆಗೆ ನನ್ನ ಗಂಡ, ನನಗೆ ಅತ್ತೆಯ ಮಗ. ಆ ವಿಷಯದಲ್ಲಿ ನಮ್ಮಿಬ್ಬರಿಗೂ ಹೊಂದಾಣಿಕೆ ಇದೆ.

ಮಂಚದಡಿ ನೋಡಿದೆ. ಬೀರುವಿನ ಹಿಂದೆ ನೋಡಿದೆ. ದೊರೆ ಇಲ್ಲ. ಬಿಡಬೇಕೆಂದಿದ್ದ ದಿನವೇ ನಿಜ, ಆದರೆ ನಾವು ಬಾಗಿಲಲ್ಲಿ ಕೂತು ಕಾಯುತ್ತ ಬಿಡುವುದು ಬೇರೆ, ಅವನೇ ಯಾವಾಗಲೋ ನುಸುಳಿ ಹೋಗುವುದು ಬೇರೆ. ಹಳೆಯ ಮನೆ ಹುಡುಕಿಕೊಂಡು ಹೊರಟರೆ ನಡುವೆ ದೊಡ್ಡ ರಸ್ತೆ ಇದೆ. ತಿಂಡಿಯ ಡಬ್ಬಿ ತೆಗೆದುಕೊಂಡು ಬೀದಿಗಿಳಿದೆ. ಗುಬ್ಬಿ ಹಿಂದೆಯೇ ಬಂದಳು.

"ದೊರೇ! ದೊರೇ, ಬಾರೋ!"

ಅರ್ಧ ಒದ್ದೆಯಾದ ಬಟ್ಟೆಯಲ್ಲಿ, ಕೆದರಿದ ಕೂದಲಲ್ಲಿ, ಡಬ್ಬಿ ಗಲಗಲ ಕುಲುಕುತ್ತ ಬೀದಿಯ ಈ ತುದಿಯಿಂದ ಆ ತುದಿಗೆ ನಡೆದೆ. ಹೊಸ ಬೀದಿಯವರಿಗೆ ನನ್ನ ಮೊದಲ ಪರಿಚಯ ಹೀಗೆ ಆಯಿತು. ಸೈಕಲ್ಲಿನಲ್ಲಿ ಹೋಗುತ್ತಿದ್ದವರೊಬ್ಬರು ಇಳಿದು ನಿಂತು ನೋಡಿ ಮತ್ತೆ ಹತ್ತಿದರು. ಪಕ್ಕದ ಮನೆಯ ಟೈಲರಮ್ಮ ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡೇ ಹೊರಗೆ ಬಂದರು.

"ಯಾರ್ರೀ ಅದು ದೊರೆ? ಯಜಮಾನ್ರಾ?"

"ಅಲ್ಲ ಕಣ್ರೀ, ನಮ್ಮ ಬೆಕ್ಕು."

"ಹಂಗಾದ್ರೆ ಬರುತ್ತೆ ಬಿಡಿ. ಯಜಮಾನ್ರಾಗಿದ್ರೆ ಹೇಳಕ್ಕಾಗ್ತಿರ್ಲಿಲ್ಲ." ಆಮೇಲೆ ಗುಬ್ಬಿಯ ಕಡೆ ತಿರುಗಿದರು. "ಇವಳೇನಾ ನಿಮ್ಮ ಮಗಳು? ನನ್ನ ಮೊಮ್ಮಗಳೂ ಇವಳ ಕ್ಲಾಸೇ. ದಿನಾ ಆಟಕ್ಕೆ ಕರೀತಾಳಂತೆ, ಇವಳು ಬರೋದೇ ಇಲ್ವಂತೆ. ಯಾಕಮ್ಮ, ನಮ್ಮ ಬೀದಿ ಚೆನ್ನಾಗಿಲ್ವಾ?"

ಗುಬ್ಬಿ ಕಾಲ್ಬೆರಳನ್ನು ನೋಡುತ್ತ ನಿಂತಳು. ನನಗೆ ಆಶ್ಚರ್ಯವಾಯಿತು. ಹಿಂದಿನ ಬೀದಿಗಳಲ್ಲಿ ಒಂದೇ ಸಂಜೆಗೆ ಎಲ್ಲ ನಾಯಿಗಳ ಹೆಸರನ್ನೂ ತಿಳಿದುಕೊಂಡು ಬರುತ್ತಿದ್ದ ಹುಡುಗಿ ಇವಳು. ಇಲ್ಲಿ ಯಾರ ಹೆಸರನ್ನೂ ಅವಳು ಮನೆಗೆ ತಂದಿರಲಿಲ್ಲ. ನಾನು ಅದನ್ನು ಗಮನಿಸಿರಲೂ ಇಲ್ಲ, ಕಾಲೊರಸು ಒಗೆಯುತ್ತಿದ್ದೆ.

"ಅಮ್ಮಾ..." ಗುಬ್ಬಿ ನನ್ನ ತೋಳು ಜಗ್ಗಿದಳು.

"ಆಮೇಲೆ ಅಂದೆನಲ್ಲ! ಓಡಿಹೋಗಿರೋದು ಬೆಕ್ಕು. ನಿನ್ನ ಮಾತು ಎಲ್ಲಿಗೂ ಓಡಿಹೋಗಲ್ಲ."

ಗದರಿದ ಮರುಕ್ಷಣವೇ ಪಶ್ಚಾತ್ತಾಪವಾಯಿತು. ಆದರೆ ಅವಳು ಆಗಲೇ ಕೈ ಬಿಟ್ಟು ಮನೆಯತ್ತ ಹೊರಟಿದ್ದಳು. ಗಂಟಲು ಒಣಗಿ ನಾನೂ ಹಿಂದಿರುಗಿದೆ. ಒಳಗೆ ಬಂದು, ಸಿಟ್ಟಿಗೆ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದೆ. ಡಬ್ಬಿ ಗಲ್ಲೆಂದಿತು.

"ಮ್ಯಾಂವ್" ಎಂದಿತು ಅಟ್ಟ.

ಅಡುಗೆಮನೆಯ ಹಾದಿಯಲ್ಲಿ, ಅಟ್ಟದ ಕೆಳಗೆ ಗುಬ್ಬಿ ನಿಂತಿದ್ದಳು. ಪಕ್ಕದಲ್ಲಿ ಏಣಿಸ್ಟೂಲು. ಅದರ ಕಾಲ ಬಳಿ ಶಾಲೆಯ ಖಾಲಿ ಚೀಲ, ಒಳಗೆಲ್ಲ ಬೂದುಬಣ್ಣದ ಕೂದಲು.

ಅತ್ತೆ ಹಿಂದೆಯೇ ಬಂದರು. "ಅಯ್ಯೋ ನನ್ನವ್ವ! ಬೆಕ್ಕನ್ನ ಬೆನ್ನಿಗೆ ಹಾಕ್ಕೊಂಡು ಅಟ್ಟ ಹತ್ತಿದ್ಯೇನೆ?"

"ಬಿದ್ದು ಕೈಕಾಲು ಮುರ್ಕೊಂಡಿದ್ರೆ ಏನೇ ಗತಿ?" ನಾನು ಅವಳ ತೋಳು ಹಿಡಿದುಕೊಂಡೆ. "ಬೀದಿಯೆಲ್ಲ ಸುತ್ತಿದೆನಲ್ಲ, ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳೋಕ್ಕೇ ಬಂದೆ. ನೀನು ಆಮೇಲೆ ಅಂದೆ."

ಸ್ಟೂಲು ಹತ್ತಿದೆ. ಗುಬ್ಬಿ ತನ್ನ ಹೆಸರಿನ ಡಬ್ಬವನ್ನು ಬಿಡಿಸಿ ನಿಲ್ಲಿಸಿದ್ದಳು. ದೊರೆ ಅದರೊಳಗೆ ಕೈಕಾಲು ಮಡಚಿಕೊಂಡು, ಕಣ್ಣು ಅರೆಮುಚ್ಚಿ, ಗುರುಗುಟ್ಟುತ್ತ ಮಲಗಿದ್ದ. ಈ ಮನೆಯಲ್ಲಿ ಅವನು ಗುರುಗುಟ್ಟಿದ್ದನ್ನು ಅದೇ ಮೊದಲು ಕೇಳಿದ್ದು. ಹೊರಡುವ ಮುಂಚೆ ಅಟ್ಟದಿಂದ ಇಳಿಸಿದ ಆ ಡಬ್ಬ ಹಳೆಯ ಮನೆಯ ಜಗಲಿಯಲ್ಲಿ ಬಹಳ ದಿನ ಬಿದ್ದಿತ್ತು, ಅವನು ಅದಕ್ಕೆ ಮೈ ಉಜ್ಜುತ್ತಿದ್ದ. ರಟ್ಟನ್ನು ಒಗೆಯಲು ಬರುವುದಿಲ್ಲವಲ್ಲ! ನನ್ನ ಕೈಗೆ ಸಿಗದೆ ಉಳಿದಿದ್ದ ವಸ್ತು ಅದೊಂದೇ. ಇಷ್ಟು ದಿನ ಅವನು ಹುಡುಕುತ್ತಿದ್ದದ್ದನ್ನು ನಾನೇ ಮೊದಲ ಸಂಜೆ ದಾರ ಕಟ್ಟಿ ಅಟ್ಟಕ್ಕೆ ಎಸೆದಿದ್ದೆ.

"ಸರಿ ಮಹಾರಾಯ," ಎಂದೆ. "ಅದೇ ಬೇಕಿದ್ರೆ ಅದನ್ನೇ ಕೆಳಗಿಡೋಣ. ಒಂದಿಷ್ಟು ದಿನ ಅದ್ರಲ್ಲೇ ಮಲಕ್ಕೋ, ಆಮೇಲೆ ಬೀದಿ." ಬೆಕ್ಕಿನ ಸಮೇತ ಡಬ್ಬವನ್ನು ಅಂಚಿಗೆ ಎಳೆದೆ.

"ಬೇಡಾ!" ಗುಬ್ಬಿ ಕಿರುಚಿದಳು. ಸ್ಟೂಲಿನ ಕಾಲನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದಿದ್ದಳು. "ಡಬ್ಬ ಇಳಿಸ್ಬೇಡ ಅಮ್ಮ! ಡಬ್ಬ ಇಳಿಸ್ಬೇಡ!"

ಡಬ್ಬವನ್ನು ಹಿಂದಕ್ಕೆ ತಳ್ಳಿ, ನಾನು ಇಳಿದು ಬಂದು ಸ್ಟೂಲಿನ ಕೆಳಮೆಟ್ಟಿಲ ಮೇಲೆ ಕೂತೆ. ಅವಳ ಮುಖ ಈಗ ನನ್ನ ಮುಖದ ಮಟ್ಟಕ್ಕೆ ಬಂದಿತ್ತು. ಕೆನ್ನೆಯ ಮೇಲೆ ಅಟ್ಟದ ಧೂಳು.

"ಅವನಿಗೋಸ್ಕರ ಕಣೆ ಇಳಿಸ್ತಿದ್ದಿದ್ದು."

"ಗೊತ್ತು." ಮೂಗು ಒರೆಸಿಕೊಂಡಳು. "ಹೊರಗೆ ಬಿಟ್ರೆ ಅವ್ನು ಈ ಬೀದಿ ಕಲೀತಾನೆ."

"ಕಲೀಲಿ ಅಂತಾನೇ ಅಲ್ವಾ ನಾವು ಬಿಡೋದು?"

"ಯಾವ ಗೋಡೆ ಹತ್ಬೋದು, ಎಲ್ಲಿ ಬಿಸಿಲು ಬರುತ್ತೆ, ಯಾವ ಮನೆಯವ್ರು ಒಳ್ಳೆಯವ್ರು... ಎಲ್ಲಾ ಕಲೀತಾನೆ." ಅಲ್ಲಿಗೆ ನಿಲ್ಲಿಸಿ ತುಟಿ ಕಚ್ಚಿಕೊಂಡಳು.

ಬಚ್ಚಲಲ್ಲಿ ಹೊದಿಕೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ತೊಟ್ಟಿಕ್ಕಲಿ ಎಂದುಕೊಂಡೆ.

"ಬೆಳಿಗ್ಗೆಯಿಂದ ಏನೋ ಕೇಳ್ಬೇಕು ಅಂತಿದ್ಯಲ್ಲ. ಕೇಳು ಮಗಳೇ, ಈಗಲೇ ಕೇಳು."

ಅವಳು ಒಮ್ಮೆ ಅಟ್ಟದ ಕಡೆ ನೋಡಿದಳು. ದೊರೆ ಡಬ್ಬದ ಅಂಚಿಗೆ ಗದ್ದವೂರಿ ನಮ್ಮಿಬ್ಬರನ್ನೂ ನೋಡುತ್ತಿದ್ದ.

"ಅವ್ನು ಎಲ್ಲಾ ಕಲಿತಾದ್ಮೇಲೆ, ನೀನು ಮತ್ತೆ ಡಬ್ಬ ಇಳಿಸ್ತೀಯಾ ಅಮ್ಮ?"