ಕಣಜದ ತಳ

ಪ್ರಣಿತಾ ಒಂದು ತೊಗರಿ ಕಾಳನ್ನು ಹಲ್ಲಿಗೆ ಕೊಟ್ಟು ಕಟ್ಟೆಂದು ಕಡಿದಳೆಂದರೆ, ಹಸಿ ಎಷ್ಟು ಒಣ ಎಷ್ಟು ಎಂದು ಹೇಳಿಬಿಡುತ್ತಿದ್ದಳು. ತೇವ ಅಳೆಯುವ ಯಂತ್ರ ಬೇರೆ ಹೇಳಿದರೆ ನಿಲಂಗಾದ ರೈತರು ಯಂತ್ರವನ್ನೇ ಅನುಮಾನಿಸುತ್ತಿದ್ದರು. ತುರೋರಿಯ ಹತ್ತಿರ ಬಸ್ಸು ಮಗುಚಿ ಅವಳ ಕಾಲುಗಳ ಬಲ ಹೋಗಿ ವರ್ಷಗಳಾಗಿದ್ದವು. ಹಲ್ಲಿನ ಬಲ ಮಾತ್ರ ಹೋಗಿರಲಿಲ್ಲ.

ಅಪ್ಪ ಕಲ್ಯಾಣಪ್ಪ ತೀರಿಕೊಂಡ ಮೇಲೆ, ರೈತರ ಮಾಲನ್ನು ಕಮಿಷನ್ನಿಗೆ ಮಾರಿಕೊಡುವ ಅಡತಿ ಅಂಗಡಿ ತಮ್ಮ ನೀಲಕಂಠನ ಕೈಗೆ ಬಂತು. ಗಾದಿಯ ಮೇಲೆ ಅವನು ಕೂಡುತ್ತಿದ್ದ. ಮಾಲು ಬಂದಾಗ ಒಂದು ಮುಷ್ಟಿ ಕಾಳನ್ನು ಒಳಮನೆಗೆ ಕಳಿಸುತ್ತಿದ್ದ. ಹಲ್ಲು ಯಾರದೆಂದು ರೈತರಿಗೆಲ್ಲ ಗೊತ್ತಿದ್ದರೂ, ಅಕ್ಕ ಕಡಿದು ಹೇಳಿದ್ದನ್ನು ಹೊರಗೆ ತನ್ನ ಮಾತಿನಂತೆ ಆಡುತ್ತಿದ್ದ. ಗಾದಿ ಒಬ್ಬರದು, ಹಲ್ಲು ಇನ್ನೊಬ್ಬರದು. ಅದರಲ್ಲಿ ತಪ್ಪೇನಿದೆ ಎಂದು ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ, ಪ್ರಣಿತಾಳಿಗೂ ಕೂಡ.

ಅನ್ನಿಸುವಂತೆ ಮಾಡಿದ್ದು ಆ ಬ್ಯಾಟರಿ ಗಾಲಿಕುರ್ಚಿ. ಅದನ್ನು ಉದಗೀರದಿಂದ ತಂದುಕೊಟ್ಟವನೂ ನೀಲಕಂಠನೇ. ಸುಳ್ಳು ಹೇಳಬಾರದು, ಅಕ್ಕ ಮೊದಲ ಸಲ ತಾನಾಗಿ ಹೊಸ್ತಿಲು ದಾಟಿ ನೀಲಕಂಠೇಶ್ವರನ ಗುಡಿಯವರೆಗೆ ಹೋಗಿಬಂದ ದಿನ ಅವನ ಕಣ್ಣಲ್ಲೂ ನೀರಿತ್ತು. ಅಕ್ಕ ಬಾಗಬಾರದೆಂದು ದಿನಾ ಸಂಜೆ ತಾನೇ ಚಾರ್ಜರ್ ಹಚ್ಚುತ್ತಿದ್ದ. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಬ್ಯಾಟರಿಯ ಆರೋಗ್ಯ ತೋರಿಸುವ ಆ್ಯಪನ್ನು ತನ್ನ ಮೊಬೈಲಿನಲ್ಲಿ ತೆಗೆದು ನೋಡುತ್ತಿದ್ದ. ಇಂಥ ತಮ್ಮ ಯಾರಿಗಿದ್ದಾನೆ ಎಂದು ಪ್ರಣಿತಾ ಕಂಡವರಿಗೆಲ್ಲ ಹೇಳುತ್ತಿದ್ದಳು.

ತಿರುಗಾಡುವ ರುಚಿ ಹತ್ತಿದ ಮೇಲೆ ಅವಳಿಗೆ ಒಂದು ಆಸೆ ಹುಟ್ಟಿತು. ಊರ ಹೊರಗೆ ಉಮರಗಾ ರಸ್ತೆಯಲ್ಲಿ ಆಗಿರುವ ಹೊಸ ಮಾರ್ಕೆಟ್ ಯಾರ್ಡಿನಲ್ಲಿ ತನ್ನದೇ ಹೆಸರಿನ ಅಡತಿ ಅಂಗಡಿ ಇಡಬೇಕು. ಬಾಜಾರ ಸಮಿತಿಯ ದತ್ತಾತ್ರಿ ಅರ್ಜಿ ತೆಗೆದುಕೊಂಡು ಹೇಳಿದ್ದರು: "ಅಡ್ಡಿ ಇಲ್ರೀ ಪ್ರಣಿತಾಬಾಯಿ. ಆದ್ರ ದಸರಾದ ದಿನ ಹೊಸಾ ಮಾಲಿನ ಮುಹೂರ್ತದ ಸೌದಾಕ್ಕ ಹೊಸಾ ಅಡತ್ಯಾರ ಹೆಸರು ಕೂಗ್ತೀವಿ. ಅವತ್ತ ನೀವು ಒಬ್ರೇ ಬಂದು ಹಾಜರ ಇರಬೇಕು. ತಮ್ಮನ ಮೋಟಾರದಾಗ ಬಂದ್ರ ಅದು ತಮ್ಮನ ದುಕಾನ ಆಗ್ತದ. ಹಾಜರ ಇಲ್ಲಂದ್ರ ಹೆಸರು ಹೊಡದ ಹಾಕ್ತೀವಿ."

"ಆಗ್ಲಿ ಅಕ್ಕಾ, ನೀ ಬ್ಯಾರೆ ಅಲ್ಲ ನಾ ಬ್ಯಾರೆ ಅಲ್ಲ" ಎಂದ ನೀಲಕಂಠ, ನಗುತ್ತಲೇ.

ಆ ವಾರದಿಂದ ಬ್ಯಾಟರಿ ಸೊರಗತೊಡಗಿತು. ಮೊದಲು ಊರೆಲ್ಲ ಸುತ್ತಿ ಬಂದರೂ ಹಿಡಿಕೆಯ ಮೇಲೆ ಅರ್ಧ ದೀಪಗಳು ಉರಿಯುತ್ತಿದ್ದವು. ಈಗ ಉಮರಗಾ ರಸ್ತೆಯಲ್ಲಿ ಹಳ್ಳದ ಮೇಲಿನ ಪೂಲು ಮುಟ್ಟುವಷ್ಟರಲ್ಲಿ ಎಲ್ಲ ದೀಪ ಆರಿ ಕುರ್ಚಿ ಗಪ್ಪಾಗಿ ನಿಂತುಬಿಡುತ್ತಿತ್ತು. ಯಾರ್ಡು ಅಲ್ಲಿಂದ ಇನ್ನೂ ದೂರ. ಲಾರಿಗಳು ಮೈಮೇಲೆ ಬಂದಂತೆ ಹೋಗುತ್ತಿದ್ದರೆ ಅವಳು ಸೆರಗು ಬಿಗಿಹಿಡಿದು ತಮ್ಮನಿಗೆ ಫೋನು ಹಚ್ಚುತ್ತಿದ್ದಳು. ಅವನು ಬಯ್ಯದೆ, ಬೇಸರ ಮಾಡದೆ ಬಂದು ಕರೆದೊಯ್ಯುತ್ತಿದ್ದ.

"ತಳದಾಗಿನ ಕರೆಂಟ ಬಳಸಿದ್ರ ಬ್ಯಾಟರಿ ಸಾಯ್ತದಕ್ಕಾ. ಅದಕ್ಕs ತಾನs ಬಂದ್ ಆಗ್ತದ" ಎಂದು ತಿಳಿಹೇಳುತ್ತಿದ್ದ. "ಅವ್ವ ಎಂದಾದ್ರೂ ತಳಾ ಕಾಣೂ ಹಂಗ ಕಣಜ ಝಾಡಿಸ್ಯಾಳೇನು? ತಳದಾಗ ಒಂದೀಟು ಬಿಡ್ತಾಳಿಲ್ಲ? ಹಂಗs ಇದೂ."

ಬೇರೆ ಯಾರಾದರೂ ಇದಕ್ಕೆ ಪುರಾವೆ ಕೇಳುತ್ತಿದ್ದರು. ಪ್ರಣಿತಾ ಕೇಳಲಿಲ್ಲ. ಹೊಸ ಕಾಳು ಬೀಳುವ ತನಕ ಕಣಜದ ತಳ ಕಾಣಬಾರದು, ಕಂಡರೆ ಮನೆಯ ಲಕ್ಷ್ಮಿ ಹೋಗುತ್ತಾಳೆ ಎಂದು ಅವ್ವ ಮೀರಾಬಾಯಿ ಅವಳಿಗೆ ಹಾಲಿನ ಜೊತೆಗೇ ಕುಡಿಸಿದ್ದಳು. ಕಾಳಿನ ವ್ಯಾಪಾರದ ಮನೆಯ ಮಗಳಿಗೆ ಅದಕ್ಕಿಂತ ದೊಡ್ಡ ಶಾಸ್ತ್ರ ಯಾವುದು?

ತಳ ಮುಟ್ಟಬಾರದೆಂದರೆ ಮೇಲಿನದನ್ನಾದರೂ ಉಳಿಸಬೇಕು. ಬ್ಯಾಟರಿಯ ವಿಷಯದಲ್ಲಿ ಅವಳು ಜಿಪುಣರ ಜಿಪುಣಿಯಾದಳು. ಗಾಲಿಗೆ ಗಟ್ಟಿಯಾಗಿ ಗಾಳಿ ತುಂಬಿಸಿದಳು. ಹಿಂದೆ ನೇತುಬಿದ್ದಿರುತ್ತಿದ್ದ ಕೊಡೆ, ಡಬ್ಬಿ, ನೀರಿನ ತಂಬಿಗೆಗಳನ್ನು ಇಳಿಸಿದಳು. ಒಮ್ಮೆಲೇ ಓಡಿಸಿ ಒಮ್ಮೆಲೇ ನಿಲ್ಲಿಸುವುದನ್ನು ಬಿಟ್ಟು, ತುಂಬಿದ ಎಣ್ಣೆ ಕೊಡ ಹೊತ್ತವಳಂತೆ ಒಂದೇ ಸಮನೆ ನಡೆಸಿದಳು. ಬಸ್ ಸ್ಟ್ಯಾಂಡಿನ ಏರು ತಪ್ಪಿಸಿ ಸಾಲೆಯ ಹಿಂದಿನ ಸಪಾಟು ಓಣಿ ಹಿಡಿದಳು. ಬಿಸಿಲಿನಿಂದ ಬಂದ ಕುರ್ಚಿ ಆರುವವರೆಗೆ ಚಾರ್ಜರ್ ಹಚ್ಚಲು ಬಿಡುತ್ತಿರಲಿಲ್ಲ. ಒಂದೊಂದು ಉಪಾಯಕ್ಕೂ ಕುರ್ಚಿ ಚೂರುಚೂರು ಮುಂದೆ ಹೋಯಿತು. ಪೂಲು ದಾಟಿತು, ಪೆಟ್ರೋಲ್ ಪಂಪಿನ ಬೋರ್ಡು ಕಂಡಿತು. ರಾತ್ರಿ ಊಟಕ್ಕೆ ಕೂತಾಗ ಅದನ್ನು ಹಬ್ಬದ ಸುದ್ದಿಯಂತೆ ತಮ್ಮನಿಗೆ ಹೇಳುತ್ತಿದ್ದಳು.

ಮಾರನೆಯ ದಿನ ಕುರ್ಚಿ ಮತ್ತೆ ಪೂಲಿನ ಮೇಲೇ ನಿಲ್ಲುತ್ತಿತ್ತು.

ಹೀಗೆ ಮತ್ತೆ ಮತ್ತೆ ಆಯಿತು. ಅವಳು ಎಷ್ಟು ಗಳಿಸಿದರೆ ಬ್ಯಾಟರಿ ಸರಿಯಾಗಿ ಅಷ್ಟೇ ಕಳೆಯುತ್ತಿತ್ತು. ಒಂದು ಮಧ್ಯಾಹ್ನ ಜೋಳದ ಭಾಕರಿ ಮುರಿಯುತ್ತಿದ್ದವಳ ಕೈ ನಿಂತಿತು. ಸವೆದ ತಕ್ಕಡಿ ಒಮ್ಮೆ ಹೆಚ್ಚು ತೂಗುತ್ತದೆ, ಒಮ್ಮೆ ಕಡಿಮೆ ತೂಗುತ್ತದೆ. ಯಾವಾಗಲೂ ಒಂದೇ ಕಡೆ ವಾಲುವ ತಕ್ಕಡಿ ಸವೆದದ್ದಲ್ಲ, ಅದಕ್ಕೆ ಯಾರದೋ ಬೆರಳು ತಾಗಿರುತ್ತದೆ. ಇದನ್ನು ಅಪ್ಪ ಗಾದಿಯ ಮೇಲೆ ಕೂಡಿಸಿಕೊಂಡು ಇಬ್ಬರಿಗೂ ಕಲಿಸಿದ್ದ, ಅವಳಿಗೂ ನೀಲಕಂಠನಿಗೂ.

ಅವಳು ಸುದ್ದಿ ಹೇಳುವುದನ್ನು ನಿಲ್ಲಿಸಿದಳು. ಕುರ್ಚಿ ದಿನಾ ಪೆಟ್ರೋಲ್ ಪಂಪಿನವರೆಗೆ ಹೋಗತೊಡಗಿತು. ಆಮೇಲೆ ಒಂದು ರಾತ್ರಿ ಅವಳು ಬೇಕೆಂದೇ ಸುಳ್ಳು ಹೇಳಿದಳು: "ಇವತ್ತ ಯಾರ್ಡಿನ ಗೇಟ ಕಂಡೆನಪ್ಪಾ!" ಮರುದಿನ ಕುರ್ಚಿ ಪೂಲನ್ನೂ ಮುಟ್ಟಲಿಲ್ಲ.

ಇಷ್ಟಾದ ಮೇಲೂ ಅವಳಿಗೆ ನಂಬಲು ಮನಸ್ಸಾಗಲಿಲ್ಲ, ನೋಡಿ. ತನ್ನ ಮೊಬೈಲಿಗೂ ಆ ಆ್ಯಪು ಹಾಕಿಸಿಕೊಂಡಳು, ಆದರೆ ತೆರೆಯಲಿಲ್ಲ. ಒಡಹುಟ್ಟಿದವನ ಮೇಲೆ ಸಂಶಯಪಟ್ಟರೆ ನಾಲಿಗೆಗೆ ಹುಳ ಬಿದ್ದೀತು ಎಂದುಕೊಂಡು ಸುಮ್ಮನಾದಳು. ಅವನು ಸಂಜೆ ಬಂದು ಚಾರ್ಜರ್ ಹಚ್ಚಿದಾಗ ಅವನ ತಲೆ ನೇವರಿಸಿದಳು ಕೂಡ.

ದಸರೆಯ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಇಳಕಲ್ ಸೀರೆಯುಟ್ಟು ಹೊರಟಳು. ನೀಲಕಂಠ ಆಗಲೇ ಯಾರ್ಡಿಗೆ ಹೋಗಿದ್ದ. ಪೂಲಿನ ನಡುವೆ ದೀಪಗಳೆಲ್ಲ ಆರಿದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು. ಅವಳು ತಮ್ಮನಿಗೆ ಫೋನು ಹಚ್ಚಲಿಲ್ಲ. ಮೊದಲ ಬಾರಿಗೆ ಆ ಆ್ಯಪನ್ನು ತೆರೆದಳು.

ಹಿಡಿಕೆಯ ಮೇಲೆ ಒಂದು ದೀಪವೂ ಇರಲಿಲ್ಲ. ಆದರೆ ಮೊಬೈಲಿನಲ್ಲಿ ಬ್ಯಾಟರಿ ಅರ್ಧಕ್ಕಿಂತ ಹೆಚ್ಚು ತುಂಬಿತ್ತು.

ಉದಗೀರದ ಮೆಕ್ಯಾನಿಕ್ ಅಮರನಾಥನಿಗೆ ಫೋನು ಮಾಡಿದಳು. "ಅಕ್ಕಾವ್ರೇ, ತಳದಾಗ ಸ್ವಲ್ಪ ಇಡೂದು ಖರೇ ಅದ" ಎಂದ ಅವನು. "ಆದ್ರ ಸ್ವಲ್ಪ ಅಂದ್ರ ಸ್ವಲ್ಪs. ಅರ್ಧಾ ಯಾರೂ ಇಡಂಗಿಲ್ಲ. ನಿಮ್ಮ ತಮ್ಮ ಕುರ್ಚಿ ಬಂದ್ ಆಗೂ ಆ ಮಿತಿ ಏರಸೂದು ಹ್ಯಾಂಗ ಅಂತ ನನಗs ಕೇಳಿದ್ರಲ್ರೀ. ದೂರ ಹೋಗ್ಲಾಕ ಅಕ್ಕಗs ಅಂಜಿಕಿ ಬರ್ತದ, ಆಕೀನೇ ಮಾಡಂದಾಳ ಅಂದ್ರು. ನಿಮಗ ಗೊತ್ತಿಲ್ಲೇನ್ರೀ?"

"ಮಿತಿ ಇಳಸ್ಲಾಕ ಹೋದ್ರ ಆ್ಯಪು ಗುಪ್ತ ನಂಬರು ಕೇಳ್ಲಾಕ್ಹತ್ತದ" ಎಂದಷ್ಟೇ ಹೇಳಿದಳು ಪ್ರಣಿತಾ.

"ಅವರು ಬದಲಿ ಮಾಡಿರಲಿಲ್ಲಂದ್ರ ಕಂಪನೀದೇ ನಂಬರು ಇರ್ತದ, ಹಾಕಿ ನೋಡ್ರಿ" ಎಂದು ಅಮರನಾಥ ಅದನ್ನು ಹೇಳಿದ. ಹಾಕಿದಳು. ತೆರೆಯಿತು. ನೀಲಕಂಠ ಬೀಗವನ್ನೂ ಬದಲಿಸಿರಲಿಲ್ಲ. ಅಕ್ಕ ಎಂದೂ ನೋಡುವುದಿಲ್ಲ ಎಂಬ ಭರವಸೆ ಅವನಿಗೆ ಅಷ್ಟಿತ್ತು. ಅವಳ ನಂಬಿಕೆಯೇ ಅವನ ಬೀಗವಾಗಿತ್ತು.

ಅಮರನಾಥ ಹೇಳಿಕೊಟ್ಟಂತೆ ಮಿತಿಯನ್ನು ಕೆಳಗಿಳಿಸಿದಳು. ದೀಪಗಳು ಒಂದೊಂದಾಗಿ ಹೊತ್ತಿದವು. ಹೊರಡುವ ಮುಂಚೆ ಅವ್ವನಿಗೆ ಫೋನು ಮಾಡಿದಳು.

"ಅವ್ವಾ, ಬ್ಯಾಟರಿದು ನಿನಗ ಗೊತ್ತಿತ್ತೇನು?"

ಮೀರಾಬಾಯಿ ಹೇಳಿದಳು: "ಅಕ್ಕಗ ಏನಂತ ಹೇಳ್ಲಿ ಅಂತ ಅಂವಾ ಕೇಳ್ದ. ಕಣಜದ ಮಾತು ಹೇಳು, ಆಕಿ ಕೇಳ್ತಾಳ ಅಂದೆ. ರೈತರೆಲ್ಲಾ ನಿನ್ನ ಹಿಂದ ಬಂದ್ರ ಅವನ ಗತಿ ಏನು? ದುಕಾನ ಎರಡಾದ್ರ ಮನಿ ಎರಡಾಗ್ತದ ನನ ಮಗಳs."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಹೇಳುವುದು? ಬೇಡ ಅಕ್ಕಾ ಎಂದು ಅವನು ಮುಖಕ್ಕೆ ಹೇಳಿದ್ದರೆ ಜಗಳವಾಡುತ್ತಿದ್ದಳು, ಅಳುತ್ತಿದ್ದಳು, ಕಡೆಗೆ ಆಸೆಯನ್ನೇ ಬಿಟ್ಟುಬಿಡುತ್ತಿದ್ದಳು. ಹಾಗೆ ಹೇಳುವಷ್ಟೂ ಅವನು ಅವಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ದಿನಾ ಸಂಜೆ ಪಕ್ಕದಲ್ಲಿ ಕೂತು, ಅವಳ ಎದುರಿಗೇ, ಅವಳ ಕಾಲುಗಳನ್ನು ಎರಡನೆಯ ಸಲ ಕಸಿದುಕೊಂಡ. ಮೊದಲ ಸಲ ಕಸಿದ ಬಸ್ಸಿಗೆ ಅವಳ ಗುರುತಾದರೂ ಇರಲಿಲ್ಲ.

ಯಾರ್ಡಿನಲ್ಲಿ ಸೋಯಾಬೀನಿನ ರಾಶಿಗಳಿಗೆ ಪೂಜೆಯಾಗಿ, ದತ್ತಾತ್ರಿ ಹೆಸರು ಕೂಗುತ್ತಿದ್ದರು. ಅವಳು ಒಂದು ರಾಶಿಯ ಹಿಂದಿದ್ದಾಗಲೇ ತನ್ನ ಹೆಸರು ಕೇಳಿಸಿತು. ಹಿಂದೆಯೇ ತಮ್ಮನ ದನಿಯೂ ಕೇಳಿಸಿತು. ಎಂಥ ದುಃಖ ತುಂಬಿದ ದನಿ!

"ಅಕ್ಕ ಬರಂಗಿಲ್ರೀ. ಬ್ಯಾಟರಿ ಕಮಜೋರ ಅದ, ಪಾಪ. ಹೆಸರು ಹೊಡದ ಹಾಕ್ರಿ."

"ಬಂದೀನ್ರೀ ದತ್ತಾತ್ರಿಯವರs" ಎಂದಳು ಪ್ರಣಿತಾ.

ಎಲ್ಲರೂ ತಿರುಗಿದರು. ನೀಲಕಂಠ ಓಡಿಬಂದ. ರೂಢಿಯಂತೆ ಅವನ ಕೈ ಕುರ್ಚಿಯ ಹಿಂದಿನ ಹಿಡಿಕೆಗೆ ಹೋಯಿತು. "ಅಕ್ಕಾ, ಇಲ್ಲೀತನಾ ಹ್ಯಾಂಗ..."

"ಕಣಜ ಝಾಡಿಸಿದೆ ನೀಲಕಂಠ. ತಳದಾಗ ನೀ ಸಿಕ್ಕಿ. ಕೈ ತಗಿ."

ಅವನು ಕೈ ತೆಗೆದ. ದತ್ತಾತ್ರಿ ಅವಳ ಹೆಸರಿನ ಮುಂದೆ ಗುರುತು ಹಾಕಿಕೊಂಡರು. ಮಾಕಣಿಯ ಕಡೆಯ ಒಬ್ಬ ಮುದುಕ ರೈತ ಅವಳ ಹೆಸರು ಕೇಳಿ ನಗುತ್ತ ಮುಂದೆ ಬಂದು, "ಬಾಯಿ, ಮೊದಲ ನಮ್ಮ ಮಾಲು ನೋಡ್ರಿ" ಎಂದು ಮುಷ್ಟಿ ತೆರೆದ.

ಅವಳು ಒಂದು ಕಾಳು ತೆಗೆದು ಹಲ್ಲಿಗೆ ಕೊಟ್ಟು ಕಡಿದಳು. ಹಸಿಯೋ ಒಣವೋ ಏನೂ ತಿಳಿಯಲಿಲ್ಲ. ಎಂದೂ ಹೀಗಾಗಿರಲಿಲ್ಲ. ಬಾಯಿಯ ತುಂಬ ಕಣ್ಣೀರಿನ ಉಪ್ಪೇ ತುಂಬಿತ್ತು.

ಸೆರಗಿನಿಂದ ಮುಖ ಒರೆಸಿಕೊಂಡು ಕೈ ಚಾಚಿದಳು.

"ಇನ್ನೊಂದು ಕಾಳು ಕೊಡ್ರಿ."