ಕರಪತ್ರದ ಕೊನೆಯ ಸಾಲು

ಅಜ್ಜಿ ಕಾಳವ್ವ ಹೇಳುತ್ತಿದ್ದ ಕಥೆಯೊಳಗೆ ರಾಕ್ಷಸಿ ಎಳ್ಳು ಸಾಸಿವೆ ಬೆರೆಸಿ ಗುಡ್ಡೆ ಹಾಕಿದರೆ, ಇರುವೆಗಳು ಸಾಲಾಗಿ ಬಂದು ಬೇರೆ ಮಾಡಿಕೊಡುತ್ತಿದ್ದವು. ಬಿ.ಎ. ಕೊನೆಯ ವರ್ಷಕ್ಕೆ ಬಂದರೂ ಉಮಾಶ್ರೀ ಆ ಇರುವೆಗಳನ್ನು ಪೂರ್ತಿ ಕೈಬಿಟ್ಟಿರಲಿಲ್ಲ. ಅದಕ್ಕೇ ಇರಬೇಕು, ತನ್ನೂರು ಗರಗದ ನೆರೆಮನೆಯ ಹುಚ್ಚಪ್ಪನ ಮೂರು ಬೆರಳನ್ನು ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಯಂತ್ರ ನುಂಗಿದಾಗ, ‘ಇವ ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ’ ಎಂದು ಮಾಲೀಕರು ಕೈತೊಳೆದುಕೊಂಡಾಗ, ಆಕೆ ಕರಪತ್ರ ಬರೆದಳು. ತಾನು ಕಾಲೇಜಿಗೆ ಹೋಗುವ ಬಸ್ಸಿನಿಂದಲೇ ಅವನು ಇಳಿದು ಆ ಗೇಟು ಹೊಗುವುದನ್ನು ದಿನಾ ಕಂಡವಳು ಅವಳು.

ಧಾರವಾಡದಲ್ಲಿ ಇನ್ನೂ ಕೈಯಿಂದ ಸೀಸದ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದವರು ಖಾದರಬಾಷಾ ಕಾಕಾ.

“ಕಾಕಾ, ಕೆಳಗ ಪ್ರೆಸ್ಸಿನ ಹೆಸರು ಬ್ಯಾಡ್ರಿ,” ಎಂದಳು ಉಮಾಶ್ರೀ.

“ಮದುವಿ ಪತ್ರಿಕಾ ಇರ್ಲಿ, ನಾಟಕದ ಹ್ಯಾಂಡ್‌ಬಿಲ್ ಇರ್ಲಿ, ನಲವತ್ತು ವರ್ಷದಾಗ ನನ್ನ ಹೆಸರಿಲ್ಲದ ಕಾಗದ ಈ ಬಾಗಲಾ ದಾಟಿಲ್ಲವಾ. ಕದ್ದು ಹಾಕೋದು ನನಗ ಬರೂದಿಲ್ಲ.”

ಮೂರನೇ ದಿನ ಪೊಲೀಸರು ಪ್ರೆಸ್ಸಿನ ಹೆಸರಿದ್ದ ಆ ಕೊನೆಯ ಸಾಲನ್ನೇ ಹಿಡಿದು ಬಂದರು. ಮೊಳೆಯ ಖಾನೆಗಳನ್ನೆಲ್ಲ ನೆಲಕ್ಕೆ ಬೋರಲು ಹಾಕಿ, ಕಾಕಾನನ್ನು ಜೀಪಿಗೆ ಹತ್ತಿಸಿದರು. ಸುದ್ದಿ ಕೇಳಿ ಉಮಾಶ್ರೀ ಠಾಣೆಗೆ ಓಡಿ, ಕರಪತ್ರ ಬರೆದವಳು ತಾನೇ ಎಂದಳು.

“ಸಂವಿಧಾನದಾಗ ಮಾತಾಡೋ ಹಕ್ಕು ಕೊಟ್ಟಾರ್ರಿ ಸಾಹೇಬ್ರ. ಹತ್ತೊಂಬತ್ತನೇ ಕಲಂ.”

“ನಮ್ಮ ಪರೀಕ್ಷಾಕ್ಕೂ ಬಂದಿತ್ತವಾ ಅದು,” ಎಂದ ಇನ್ಸ್‌ಪೆಕ್ಟರ್. “ನನಗ ಛಲೋ ಮಾರ್ಕ್ಸ್ ಬಿದ್ದಿದ್ವು.”

ಪೇದೆಗಳು ನಕ್ಕರು. ಅವನು ಬಿಳಿ ಹಾಳೆ ಅವಳ ಮುಂದೆ ಸರಿಸಿದ. “ಬರೆದದ್ದು ಸುಳ್ಳು, ಹುಚ್ಚಪ್ಪ ಅಲ್ಲಿ ಹೋಗೋದು ನಾ ನೋಡೇ ಇಲ್ಲ ಅಂತ ಬರಿ. ಮುದುಕನ್ನ ಈಗ ಬಿಡ್ತೀನಿ. ದಮ್ಮು ಐತಂತಲ್ಲ ಅವಂಗ?”

ಕಂಬಿಯ ಆಚೆಯಿಂದ ಕೆಮ್ಮು ಕೇಳುತ್ತಲೇ ಇತ್ತು. ಹಾಳೆಯ ಮೇಲೆ ಒಂದಾದರೂ ಇರುವೆ ಹರಿದೀತೇನೋ ಎಂಬಂತೆ ಉಮಾಶ್ರೀ ನೋಡಿದಳು. ಆಮೇಲೆ ಬರೆದಳು. ಸಹಿಯನ್ನೂ ಹಾಕಿದಳು.

ಮಧ್ಯಾಹ್ನ ಪ್ರೆಸ್ಸಿನಲ್ಲಿ ಇಬ್ಬರೂ ಸೀಸದ ಗುಡ್ಡೆಯ ಮುಂದೆ ಕೂತರು. ಅ, ಕ, ಳ, ಒತ್ತು, ಕೊಂಬು ಎಲ್ಲ ಕಲಸಿಹೋಗಿದ್ದವು. ಒಂದೊಂದನ್ನೇ ಆರಿಸಿ ಖಾನೆಗೆ ಹಾಕುತ್ತ ಕಾಕಾ ಕೇಳಿದರು, “ಏನ್ ಬರಕೊಟ್ಟಿ?”

ಹೇಳಿದಳು.

ಅವರ ಕೈ ನಿಂತಿತು. “ನನ್ನ ಒಂದ್ ಮಾತು ಕೇಳಬೇಕಿತ್ತಲ್ಲವಾ. ಕುಂದರತಿದ್ದೆ ನಾ ಒಳಗ. ಹೆಸರು ಹಾಕಿದ್ದು ಮತ್ಯಾಕ?” ಸ್ವಲ್ಪ ಹೊತ್ತು ಕೆಮ್ಮಿದರು. “ಈಗ ನೋಡು, ನೀನ ಸುಳ್ಳು ಅಂದ ಕಾಗದದ ಕೆಳಗ ನನ್ನ ಹೆಸರು ಉಳೀತು.”

ಅಷ್ಟರಲ್ಲಿ ಹೊರಗೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಹುಚ್ಚಪ್ಪನ ದನಿಯಲ್ಲಿ ಎಷ್ಟೋ ದಿನದ ಮೇಲೆ ಹುರುಪಿತ್ತು.

“ಕಾಕಾನ್ನ ಬಿಟ್ರಂತಲ್ರಿ! ಉಮಕ್ಕ ಇಲ್ಲೇ ಅದಾಳೇನು? ವಕೀಲರು ಸಿಕ್ಕಾರ. ಕಣ್ಣಿಲೆ ನೋಡಿದವರು ಒಬ್ರು ಇದ್ರ ಸಾಕಂತ!”

ಕಾಕಾ ಉಮಾಶ್ರೀಯತ್ತ ನೋಡಿದರು. ಅವಳು ಗುಡ್ಡೆಯಿಂದ ಇನ್ನೊಂದು ಮೊಳೆ ತೆಗೆದು, ಯಾವ ಅಕ್ಷರವೆಂದು ಬೆಳಕಿಗೆ ಹಿಡಿದಳು.